ಭಟ್ಟರ ಕಡಲಕುದುರೆ

ಯಲ್ಲಾಪುರದ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದ ವಿಶ್ವೇಶ್ವರ ಭಟ್ಟರಿಗೆ ಅರ್ಥ ತಿಳಿಯದ ಶಬ್ದ ಕಂಡರೆ ಊಟ ಸೇರುತ್ತಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಕೊಟ್ಟ ಸ್ಕ್ಯಾನ್ ವರದಿಯಲ್ಲಿ ಅಂಥದೊಂದಿತ್ತು: ಹಿಪ್ಪೊಕ್ಯಾಂಪಸ್. ಅದು ಸವೆಯುತ್ತಿದೆ, ನೆನಪು ಕೈಕೊಡುತ್ತಿರುವುದು ಅದಕ್ಕೇ ಎಂದಿದ್ದರು ಡಾಕ್ಟರು.

"ಸೋಮವಾರ ಬರೂ ಮುಂದ ನಿಮ್ಮವರನ್ನ ಯಾರನ್ನರ ಕರ್ಕೊಂಡು ಬರ್ರಿ. ನಾ ಹೇಳೂದು ಇನ್ನೊಬ್ರೂ ಕೇಳಬೇಕು."

ಭಟ್ಟರು ತಲೆಯಾಡಿಸಿದ್ದರು. ಮದುವೆಯಾಗದ ಮನುಷ್ಯ, ಬಾಡಿಗೆ ಕೋಣೆ. ಇದ್ದೊಬ್ಬ ಅಣ್ಣನ ಜೊತೆ ಮಾತು ನಿಂತು ಹನ್ನೊಂದು ವರ್ಷ. ಯಾರನ್ನು ಕರೆಯಲಿ ಎಂದು ಬಸ್ಸಿನಲ್ಲಿ ಯೋಚಿಸುತ್ತ ಬಂದರೆ, ಕಲಘಟಗಿ ದಾಟುವಷ್ಟರಲ್ಲಿ ಹೆಸರುಗಳೇ ಮುಗಿದುಹೋದವು. ಮೊಬೈಲು ತೆಗೆದು ಶಬ್ದದ ಅರ್ಥ ಹುಡುಕತೊಡಗಿದರು. ಗ್ರೀಕ್ ಮೂಲದ್ದಂತೆ, ಕುದುರೆ ಮತ್ತು ಕಡಲಮೃಗ ಸೇರಿ ಆದದ್ದು. ನಾನೂರು ವರ್ಷಗಳ ಹಿಂದೆ ಇಟಲಿಯ ವೈದ್ಯನೊಬ್ಬ ಮಿದುಳು ಸೀಳಿ ನೋಡಿದಾಗ, ಒಳಗಿನ ಸುರುಳಿ ಅವನಿಗೆ ಕಡಲಕುದುರೆಯಂತೆ ಕಂಡಿತಂತೆ.

ಮೂಲಪ್ರತಿಯೊಡನೆ ತಾಳೆ ನೋಡದೆ ಕರಡು ಬಿಟ್ಟವರಲ್ಲ ಭಟ್ಟರು. ಕಡಲಕುದುರೆಯ ಮೊಬೈಲಿನ ಚಿತ್ರ ಸಾಲಲಿಲ್ಲ, ನಿಜದ್ದೇ ನೋಡಬೇಕಿತ್ತು.

ಸಂತೆಯ ದಿನ ಕರಾವಳಿಯಿಂದ ಅರಬೈಲ್ ಘಟ್ಟ ಹತ್ತಿ ಬರುವ ಮೀನಿನ ಹೆಂಗಸರು ಒಂದು ಮೂಲೆಯಲ್ಲಿ ಸಾಲಾಗಿ ಕೂರುತ್ತಾರೆ. ಭಟ್ಟರು ಜನ್ಮದಲ್ಲಿ ಆ ಸಾಲಿಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಅವರಿಗಿದ್ದ ಗುರುತು ಒಣಮೀನು ಮಾರುವ ನಾಗಿಯದೊಂದೇ. ಅವಳ ಮಗಳ ಮದುವೆಯ ಕಾಗದ ತಿದ್ದಿಕೊಟ್ಟಿದ್ದರು.

"ಅಯ್ಯೋ, ಭಟ್ರು ಮೀನ್‌ಪೇಟೆಗೆ! ಇವತ್ತು ಮಳೆ ಗ್ಯಾರಂಟಿ. ಎಂತ ಕಟ್ಲಿ, ಬಂಗಡೆಯಾ?"

"ಮೆಲ್ಲಗೆ ಮಾರಾಯ್ತಿ! ಕಡಲಕುದುರೆ ಒಂದು ನೋಡ್ಲಿಕ್ಕಿತ್ತು."

"ಅದು ಮಾರೂದಲ್ಲ. ಬಲೆಗೆ ಬಿದ್ದದ್ದು ಇದ್ರೆ ಇದ್ದೀತು." ನಾಗಿ ಒಣಸೀಗಡಿಯ ರಾಶಿ ಕೆದಕಿ, ಒಂದನ್ನು ಆರಿಸಿ ಅವರ ಅಂಗೈಗೆ ಹಾಕಿದಳು. ಬೆರಳುದ್ದ, ಸುರುಳಿ ಬಾಲ, ಒಣಗಿ ಹಗುರ. ಮೀನು ಮುಟ್ಟಿದ್ದು ಭಟ್ಟರಿಗೆ ಹೊಳೆಯಲೇ ಇಲ್ಲ.

"ಇಂಥದ್ದು ನನ್ನ ತಲೆಯೊಳಗೂ ಉಂಟು," ಎಂದರು. "ಸಣ್ಣ ಆಗ್ತಾ ಉಂಟಂತೆ. ಮರೆವು."

ನಾಗಿ ನಗಲಿಲ್ಲ. "ಯಾರಿಗೆ ಹೇಳಿದ್ರಿ?"

"ನಿನಗೇ ಮೊದಲು." ಅಂಗೈಯ ಕುದುರೆಯನ್ನು ಬೆರಳಿಂದ ಮಗುಚಿ, "ಸೋಮವಾರ ಹುಬ್ಬಳ್ಳಿಗೆ ಒಬ್ರು ಜೊತೆಗೆ ಬೇಕಿತ್ತು," ಎಂದರು.

"ಬಸ್ಸಲ್ಲಿ ನನ್ನ ಬದಿಗೆ ಕೂರ್ತ್ರಾ? ಮೀನುನಾತ."

"ಕೂರ್ತೆ."

"ಎಷ್ಟೊತ್ತಿನ ಬಸ್ಸು?"

ಭಟ್ಟರು ಬಾಯಿ ತೆರೆದರು. ಮೊನ್ನೆ ತಾನೇ ಹೋದ ಬಸ್ಸು, ಹೊತ್ತು ನೆನಪಾಗಲಿಲ್ಲ.

"ಇರ್ಲಿ ಬಿಡಿ," ಎಂದಳು ನಾಗಿ. "ಬೆಳಿಗ್ಗೆ ಆರಕ್ಕೇ ಬಂದು ಸ್ಟ್ಯಾಂಡಲ್ಲಿ ಕೂತಿರ್ತೆ. ನೀವು ಬನ್ನಿ, ಸಾಕು."

ಭಟ್ಟರು ಕಿಸೆಯಿಂದ ಪೆನ್ಸಿಲನ್ನೂ ಮಡಚಿಟ್ಟ ಸ್ಕ್ಯಾನ್ ವರದಿಯನ್ನೂ ತೆಗೆದು ಅದರ ಬೆನ್ನಿಗೆ ಬರೆದರು: ಸೋಮವಾರ, ಆರು ಗಂಟೆ, ನಾಗಿ. ಬರೆದದ್ದನ್ನು ಕರಡಿನಂತೆ ಅಕ್ಷರ ಅಕ್ಷರ ಕೂಡಿಸಿ ಎರಡು ಸಲ ಓದಿದರು. ಆಮೇಲೆ ಮೂರನೆಯ ಸಲ.