ನಲವತ್ತೊಂದು ಸೆಕೆಂಡು

"ನಾನೇ ಮರೆತಿರಬೇಕು ಕಣೋ," ಎಂದಳು ಅಕ್ಕ ಫೋನಿನಲ್ಲಿ. "ಹಸಿರು ಕಾಣಿಸ್ತು ಅಂತ ನೆನಪು. ಆದ್ರೆ ನೆನಪಿಗೇನು, ಅದು ಯಾವಾಗ್ಲೂ ನಮ್ಮ ಪಕ್ಷಾನೇ."

ಅವನು ಕಚೇರಿಯ ಮೆಟ್ಟಿಲ ಬಳಿ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದ. ಮಧ್ಯಾಹ್ನ ಎರಡು ಗಂಟೆ. ಕೈಯಲ್ಲಿದ್ದ ಕಾಗದದ ಲೋಟದಲ್ಲಿ ಟೀ ಆರಿ ಮೇಲೆ ಕೆನೆ ಕಟ್ಟಿತ್ತು.

ಅಕ್ಕ ಹನ್ನೆರಡು ವರ್ಷದಿಂದ ನರ್ಸು. ಬೆಳಿಗ್ಗೆ ಅವಳ ವಾರ್ಡಿನಲ್ಲಿ ಒಬ್ಬ ಮುದುಕ ದರ್ಜಿಯನ್ನು ಒಂಬತ್ತನೇ ಹಾಸಿಗೆಯಿಂದ ಕಿಟಕಿ ಪಕ್ಕದ ನಾಲ್ಕನೆಯದಕ್ಕೆ ಬದಲಾಯಿಸಿದ್ದರು. ಫಿಟ್ಸ್ ಬರುವ ಮನುಷ್ಯ, ಏಳು ಗಂಟೆಗೆ ತಪ್ಪದೆ ಮಾತ್ರೆ ಕೊಡಬೇಕು. ಏಳಕ್ಕೆ ಅವಳು ವಾರ್ಡಿನ ಟ್ಯಾಬ್ ನೋಡಿದಾಗ ನಾಲ್ಕರ ಎದುರು ಹಸಿರು ಇತ್ತು. ಹಸಿರೆಂದರೆ ಕೊಟ್ಟಾಗಿದೆ, ಕೆಂಪೆಂದರೆ ಕೊಡಬೇಕು. ಹದಿನೆಂಟು ಜನರನ್ನು ಒಬ್ಬಳೇ ನೋಡಿಕೊಳ್ಳುವವಳು ಹಸಿರು ಕಂಡ ಕಡೆ ನಿಲ್ಲುವುದಿಲ್ಲ, ಮುಂದೆ ಹೋದಳು. ಒಂಬತ್ತೂವರೆಗೆ ಮುದುಕನಿಗೆ ಫಿಟ್ಸ್ ಬಂದು ಹಾಸಿಗೆಯಿಂದ ಉರುಳಿದ. ಕಬ್ಬಿಣದ ಕಪಾಟಿನ ಮೂಲೆ ತಲೆಗೆ ಬಡಿಯಿತು. ಈಗ ಐಸಿಯುನಲ್ಲಿದ್ದಾನೆ, ಕಣ್ಣು ಬಿಟ್ಟಿಲ್ಲ. ನಾಲ್ಕು ಗಂಟೆಯೊಳಗೆ ಏನಾಯಿತೆಂದು ಬರೆದುಕೊಡು ಎಂದು ಹೆಡ್ ನರ್ಸ್ ಅವಳ ಕೈಗೊಂದು ಹಾಳೆ ಕೊಟ್ಟಿದ್ದರು.

"ಶುರು ಹೇಗೆ ಮಾಡಬೇಕು ಅಂತಾನೂ ಅವರೇ ಹೇಳಿಕೊಟ್ಟಿದ್ದಾರೆ. 'ನನ್ನ ಅಜಾಗರೂಕತೆಯಿಂದ' ಅಂತ. ಅಷ್ಟು ಬರೆದು ಕೂತಿದ್ದೀನಿ."

"ಟ್ಯಾಬೇ ತಪ್ಪು ತೋರಿಸಿರಬಹುದಲ್ವಾ?" ಎಂದ ಅವನು. ಕೇಳಿದ ಮೇಲೆ ಯಾಕೆ ಕೇಳಿದೆನೋ ಎನ್ನಿಸಿತು.

ಅಕ್ಕ ಅಷ್ಟರಲ್ಲೂ ನಕ್ಕಳು. "ಅದು ನಿಂದಲ್ವೇನೋ. ನೀನು ಮಾಡಿದ್ದು ತಪ್ಪುತ್ತಾ?"

ನಾನು ಫೋನ್ ಮಾಡುವ ತನಕ ಆ ಹಾಳೆ ಯಾರಿಗೂ ಕೊಡಬೇಡ ಎಂದು ಹೇಳಿ ಇಟ್ಟ. ಲೋಟ ಎಲ್ಲಿಟ್ಟನೋ, ಸೀಟಿಗೆ ಬಂದು ಕೂತಾಗ ಕೈಯಲ್ಲಿರಲಿಲ್ಲ.

ಆ ಟ್ಯಾಬಿನೊಳಗೆ ಓಡುವುದು ಇವರದೇ ಕಂಪನಿಯ ಪ್ರೋಗ್ರಾಂ. ಇಪ್ಪತ್ತಾರು ಆಸ್ಪತ್ರೆಗಳಲ್ಲಿ ಓಡುತ್ತದೆ. ಕಚೇರಿಯಲ್ಲಿ ಅವನಿಗೆ 'ಎಂಟು' ಎಂದು ಹೆಸರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನೆಂದು ಯಾರೋ ತಮಾಷೆಗೆ ಇಟ್ಟದ್ದು ಗೋಂದಿನ ಹಾಗೆ ಅಂಟಿಕೊಂಡಿತ್ತು. ಅವನನ್ನು ಒಳಗೆ ತಂದವರು ತಂಡದ ಮುಖ್ಯಸ್ಥರು. ಹಿಂದೆ ಟೈಪಿಂಗ್ ಕ್ಲಾಸಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದವರು, ಹಾಗಾಗಿ ಇಲ್ಲೂ ಎಲ್ಲರಿಗೂ ಮೇಷ್ಟ್ರು. ಸರ್ಟಿಫಿಕೇಟ್ ಇಲ್ಲದವನಿಗೆ ಕೆಲಸ ಯಾಕೆ ಎಂದು ಮೇಲಿನವರು ಕೇಳಿದಾಗ, ಇವನು ಬರೆದದ್ದನ್ನು ಓದಿ ನೋಡಿ, ಆಮೇಲೆ ಮಾತಾಡಿ ಎಂದಿದ್ದರಂತೆ.

ಹಾಸಿಗೆ ಬದಲಾಯಿಸುವ ಕಡೆಯ ಕೋಡ್ ತೆರೆದ. ನಾಲ್ಕು ದಿನದ ಹಿಂದೆ ಅದು ಬದಲಾಗಿತ್ತು. ಯಾವ ಸಾಲು ಸೇರಿದೆ, ಯಾವುದು ಹೋಗಿದೆ ಎಂಬುದೆಲ್ಲ ದಾಖಲಾಗಿರುತ್ತದೆ. ಹೋದದ್ದು ಕೆಂಪಿನಲ್ಲಿ ಕಾಣುತ್ತದೆ. ಮುನ್ನೂರ ತೊಂಬತ್ತು ಸಾಲಿನ ಬದಲಾವಣೆ. ಇನ್ನೂರ ಹನ್ನೊಂದನೇ ಸಾಲಿನಲ್ಲಿ ಅವನ ಕಣ್ಣು ನಿಂತಿತು.

ಅದು ದೊಡ್ಡಮ್ಮ ಬರೆದಿದ್ದ ಸಾಲು. ದೊಡ್ಡಮ್ಮ ಎಂದರೆ ಈ ಪ್ರೋಗ್ರಾಮನ್ನು ಮೊದಲಿನಿಂದ ಕಟ್ಟಿದ ಹೆಂಗಸು. ಆರು ತಿಂಗಳ ಹಿಂದೆ, ಇನ್ನು ಎಐ ಬರೆಯುತ್ತದೆ ಎಂದು ಮನೆಗೆ ಕಳಿಸಿದವರ ಪಟ್ಟಿಯಲ್ಲಿ ಮೊದಲ ಹೆಸರು ಅವರದು. ಹಾಸಿಗೆಗೆ ಹೊಸಬರು ಬಂದ ಕೂಡಲೇ ಹಿಂದಿನವರ ಹಸಿರು ಗುರುತನ್ನೆಲ್ಲ ಅಳಿಸಿ, ಹೊಸಬರ ಕೈಪಟ್ಟಿಯ ಹೆಸರನ್ನು ನರ್ಸು ನೋಡುವ ತನಕ ಕೆಂಪನ್ನೇ ತೋರಿಸು ಎನ್ನುವ ಸಾಲು. ಅದರ ಮೇಲೆ ಅವರದೇ ಟಿಪ್ಪಣಿ: 'ಇದೇ ಕೆಲಸ ಎರಡನೇ ಸಲ ಮಾಡಿದ ಹಾಗೆ ಅನ್ನಿಸುತ್ತದೆ. ತೆಗೆಯಬೇಡಿ. ಯಾಕೆಂದು ನನ್ನನ್ನು ಕೇಳಿ.'

ಎಐ ಯಾರನ್ನೂ ಕೇಳಿರಲಿಲ್ಲ. ಒಂದೇ ಕೆಲಸ ಎರಡು ಕಡೆ ಇದೆ ಎಂದು ಸಾಲನ್ನೂ ಟಿಪ್ಪಣಿಯನ್ನೂ ಗುಡಿಸಿ ಹಾಕಿತ್ತು. ಆ ಸಾಲನ್ನು ಕಾಯುತ್ತಿದ್ದ ಟೆಸ್ಟನ್ನೂ ಹಳತೆಂದು ತೆಗೆದು, ಹೊಸ ಟೆಸ್ಟುಗಳನ್ನು ತಾನೇ ಬರೆದುಕೊಂಡು, ಎಲ್ಲದರಲ್ಲೂ ಪಾಸಾಗಿತ್ತು. ಕಳ್ಳನೇ ಬೀಗ ಪರೀಕ್ಷೆ ಮಾಡಿದ ಹಾಗೆ. ಬದಲಾವಣೆ ಕಳಿಸಿದವರ ಜಾಗದಲ್ಲಿ ಮೇಷ್ಟ್ರ ಹೆಸರು. ಓದಿ ಒಪ್ಪಿದವರ ಜಾಗದಲ್ಲಿ ಅವನ ಹೆಸರು. ತೆರೆದದ್ದು ಮೂರು ಗಂಟೆ ಹನ್ನೆರಡು ನಿಮಿಷ ಹತ್ತು ಸೆಕೆಂಡಿಗೆ, ಒಪ್ಪಿದ್ದು ಐವತ್ತೊಂದನೇ ಸೆಕೆಂಡಿಗೆ.

ಮುನ್ನೂರ ತೊಂಬತ್ತು ಸಾಲು, ನಲವತ್ತೊಂದು ಸೆಕೆಂಡು.

ದೊಡ್ಡಮ್ಮ ಇದ್ದಾಗ ಹೀಗಿರಲಿಲ್ಲ. ಪ್ರತಿ ಮೇಜಿಗೂ ಎರಡು ಕುರ್ಚಿ. ಯಾರೇ ಬರೆದರೂ ಪಕ್ಕದಲ್ಲಿ ಇನ್ನೊಬ್ಬರು ಕೂತು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಬೇಕು. ಬರೆದವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಬೇರೆ ತಂಡದವರು ಭಜನಾ ಮಂಡಳಿ ಎಂದು ನಗುತ್ತಿದ್ದರು. ಎಐ ಬಂದ ಮೇಲೆ ದಿನಕ್ಕೆ ಐದು ಸಾವಿರ ಸಾಲು ಬರತೊಡಗಿತು. ಯಾವ ಬಾಯಿಯಲ್ಲಿ ಓದುವುದು? ಓದುವವನು ನಿಧಾನದವನು ಎಂದಾಯಿತು, ನಿಧಾನದವನು ಬೇಡದವನು ಎಂದಾಯಿತು. ಎರಡನೇ ಕುರ್ಚಿಗಳ ಮೇಲೆ ಚೀಲ, ಛತ್ರಿ ಬಂದು ಕೂತವು. ಅವನ ಪಕ್ಕದ ಕುರ್ಚಿಯಲ್ಲಿ ಹಳೇ ವೈರುಗಳ ರಟ್ಟಿನ ಡಬ್ಬವಿತ್ತು.

ಆಗ ಅವನ ತಲೆಯೊಳಗೆ ಒಂದು ಯೋಚನೆ ಮೆಲ್ಲಗೆ ಬಂತು. ಅಕ್ಕ ಆ ಹಾಳೆಯನ್ನು ಪೂರ್ತಿ ಬರೆದುಕೊಟ್ಟುಬಿಟ್ಟರೆ? ಅವಳನ್ನು ಎರಡು ತಿಂಗಳು ಮನೆಗೆ ಕಳಿಸುತ್ತಾರೆ, ಅಷ್ಟೇ. ಈ ಕೆಂಪು ಸಾಲನ್ನು ಯಾರೂ ಹುಡುಕುವುದಿಲ್ಲ. ಶಾಲೆ ಬಿಟ್ಟ ವರ್ಷ ಅಡುಗೆ ಮನೆಯ ನೆಲದ ಮೇಲೆ ಕೂರಿಸಿ, ಹೋದರೆ ಶಾಲೆ ಹೋಯಿತು, ಓದು ಬಿಡಬೇಡ ಎಂದು ಅಕ್ಷರಕ್ಕೆ ಬೆರಳಿಟ್ಟು ಓದಿಸಿದವಳು ಅವಳು. ತನ್ನ ಬಗ್ಗೆ ಅವನಿಗೆ ಇಷ್ಟು ಹೆದರಿಕೆ ಯಾವತ್ತೂ ಆಗಿರಲಿಲ್ಲ.

ಮೇಷ್ಟ್ರ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೋದ ಸಾಲಿನ ವಿಷಯವನ್ನೂ ಐಸಿಯು ಸೇರಿದ ಮುದುಕನ ವಿಷಯವನ್ನೂ ಹೇಳಿದ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಾ ಕೇಳಿದರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಬೆಳಿಗ್ಗೆಯೇ ಇನ್ನೊಂದು ಆಸ್ಪತ್ರೆಯಿಂದ ಇದೇ ಥರದ ದೂರು ಬಂದಿದೆಯಂತೆ. ಅಲ್ಲಿ ಯಾರಿಗೂ ಏನೂ ಆಗಿಲ್ಲವಂತೆ. ಶುಕ್ರವಾರದ ಅಪ್‌ಡೇಟಿನಲ್ಲಿ ಸದ್ದಿಲ್ಲದೆ ಆ ಸಾಲು ವಾಪಸ್ ಸೇರಿಸುವುದು ಎಂದು ಮೇಲಿನವರ ಜೊತೆ ಮಾತಾಗಿದೆಯಂತೆ.

ಇವತ್ತಿನ್ನೂ ಮಂಗಳವಾರ ಎಂದ ಅವನು. ಎಲ್ಲಾ ವಾರ್ಡುಗಳ ಟ್ಯಾಬುಗಳನ್ನು ಈಗಲೇ ನಿಲ್ಲಿಸಬಹುದಲ್ಲ ಎಂದ. ಹಾಗೊಂದು ಏರ್ಪಾಡು ಇತ್ತು, ದೊಡ್ಡಮ್ಮನದೇ. ನಿಲ್ಲಿಸಿದರೆ ಟ್ಯಾಬುಗಳೆಲ್ಲ ಕಪ್ಪಾಗಿ, ಯಾಕೆಂಬ ಒಂದು ಸಾಲು ಮಾತ್ರ ಕಾಣುತ್ತದೆ. ನರ್ಸುಗಳು ಕಾಗದಕ್ಕೆ ಹೋಗುತ್ತಾರೆ. ಆದರೆ ಅದಕ್ಕೆ ಇಬ್ಬರ ಪಾಸ್‌ವರ್ಡು ಬೇಕು, ಅದರಲ್ಲೊಂದು ಮೇಷ್ಟ್ರದು.

"ನಿಲ್ಲಿಸಿದ್ರೆ ಒಪ್ಪಿಕೊಂಡ ಹಾಗೆ," ಎಂದರು ಮೇಷ್ಟ್ರು. "ಮೊದಲು ನಿನ್ನನ್ನೇ ಹಿಡಿಯೋದು. ಸರ್ಟಿಫಿಕೇಟ್ ಇಲ್ಲದವನ ಕೈಲಿ ಆಸ್ಪತ್ರೆ ಕೊಟ್ಟಿದ್ರಾ ಅಂತಾರೆ. ಆಮೇಲೆ ನನ್ನನ್ನ. ಯೋಚನೆ ಮಾಡು. ಯಂತ್ರ ಬರೀತು, ನಾನು ಕಳಿಸ್ದೆ, ನೀನು ಒಪ್ಪಿದೆ. ಮೂರು ಜನದ ಮೇಲೆ ಹಂಚಿದ್ರೆ ಅದು ಯಾರ ತಪ್ಪೂ ಅಲ್ಲ."

"ಯಂತ್ರ ಜನ ಅಲ್ಲ ಸಾರ್. ಇಬ್ಬರೇ."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಮತ್ತೆ ತೆಗೆದು, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದರು. ಅವರಿಗೂ ಹೆದರಿಕೆ ಎಂದು ತಿಳಿದು ಧೈರ್ಯ ಬರಲಿಲ್ಲ, ಇನ್ನಷ್ಟು ಒಂಟಿಯೆನಿಸಿತು. ಐಸಿಯುನಲ್ಲಿರುವ ಮುದುಕನ ವಾರ್ಡು ನನ್ನ ಅಕ್ಕನದು, ನಾಲ್ಕಕ್ಕೆ ತಪ್ಪು ಅವಳದೆಂದು ಅವಳೇ ಬರೆದುಕೊಡುತ್ತಾಳೆ ಎಂದ. ಅವರು ಕಿಟಕಿಯ ಕಡೆ ತಿರುಗಿದರು.

ಸೀಟಿಗೆ ಬಂದಾಗ ಮೂರೂಕಾಲು. ಒಬ್ಬನೇ ನಿಲ್ಲಿಸುವಂತಿಲ್ಲ. ಇಪ್ಪತ್ತಾರು ಆಸ್ಪತ್ರೆಗಳಲ್ಲಿ ಈ ಗಳಿಗೆಯಲ್ಲಿ ಎಷ್ಟು ಹಾಸಿಗೆ ಬದಲಾಗುತ್ತಿರಬಹುದು? ಪ್ರತಿಯೊಂದರಲ್ಲೂ ಯಾರದೋ ಹಳೇ ಹಸಿರು. ಅವನಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಬದಲಾವಣೆಯ ಮೊದಲ ಸಾಲಿಗೆ ಬೆರಳಿಟ್ಟು ಗಟ್ಟಿಯಾಗಿ ಓದಲು ಶುರು ಮಾಡಿದ.

ಮೊದಲಿಗೆ ಧ್ವನಿ ಹೊರಡಲಿಲ್ಲ. ಹತ್ತನೇ ಸಾಲಿಗೆ ಹೊರಟಿತು. ಹೆಡ್‌ಫೋನು ಹಾಕಿಕೊಂಡವರು ಒಬ್ಬೊಬ್ಬರಾಗಿ ತೆಗೆದು ತಿರುಗಿ ನೋಡಿದರು.

"ಏ ಎಂಟು, ಯಾರಿಗೋ ಪಾಠ ಒಪ್ಪಿಸ್ತಿದ್ದೀಯಾ?" ಎಂದ ಎದುರು ಸಾಲಿನವನು. ಎರಡು ಮೂರು ಜನ ನಕ್ಕರು.

ಅವನು ನಿಲ್ಲಿಸಲಿಲ್ಲ. ಸೇರಿದ್ದನ್ನು ಸೇರಿದೆ ಎಂದ, ಹೋದದ್ದನ್ನು ಹೋಗಿದೆ ಎಂದ. ಐವತ್ತು, ನೂರು, ನೂರೈವತ್ತು. ನಗು ನಿಂತಿತು. ಇನ್ನೂರ ಹನ್ನೊಂದಕ್ಕೆ ಬಂದಾಗ ಮೂರು ಮೂವತ್ತೊಂಬತ್ತು. ದೊಡ್ಡಮ್ಮನ ಟಿಪ್ಪಣಿಯನ್ನು ಓದಿದ. 'ಯಾಕೆಂದು ನನ್ನನ್ನು' ಎನ್ನುವಲ್ಲಿ ಬೆರಳು ನಿಂತಿತು.

ಪಕ್ಕದಲ್ಲಿ ವೈರುಗಳು ಕದಲಿದ ಸದ್ದಾಯಿತು. ಮೇಷ್ಟ್ರು ರಟ್ಟಿನ ಡಬ್ಬವನ್ನು ಎತ್ತಿ, ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಎರಡನೇ ಕುರ್ಚಿಯಲ್ಲಿ ಕೂತಿದ್ದರು.

"ಆ ಸಾಲು ಇನ್ನೊಂದ್ಸಲ ಓದು," ಎಂದರು.

ಓದಿದ.

"ನಾನು ಕೇಳಿದ್ದೆ ಅವರನ್ನ, ಯಾಕೆ ಅಂತ. ಹೇಳಿದ್ರು. ಮರೆತುಬಿಟ್ಟಿದ್ದೆ," ಎಂದರು ಮೇಷ್ಟ್ರು.

ಅವನು ನಿಲ್ಲಿಸುವ ಪುಟ ತೆರೆದು ತನ್ನ ಪಾಸ್‌ವರ್ಡು ಹೊಡೆದ, ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಸರಿಹೋಯಿತು. ಕಾರಣ ಬರೆಯುವ ಜಾಗದಲ್ಲಿ, ಹಾಸಿಗೆ ಬದಲಾದಾಗ ಹಿಂದಿನವರ ಹಸಿರು ಉಳಿಯುತ್ತಿದೆ, ಕಾಗದದಲ್ಲಿ ನೋಡಿಕೊಳ್ಳಿ, ತಪ್ಪು ನಮ್ಮದು ಎಂದು ಬರೆದ. 'ತಪ್ಪು ನಮ್ಮದು' ಎಂಬಲ್ಲಿ ಮೇಷ್ಟ್ರ ಕಣ್ಣು ನಿಂತಿತು. ಅಳಿಸಿಬಿಡುತ್ತಾರೆ ಎಂದುಕೊಂಡ. ಅವರು ಡಬ್ಬದ ಮೇಲಿಂದ ಕೈ ಚಾಚಿ ಒಂದೊಂದೇ ಕೀಲಿ ಒತ್ತಿ ತಮ್ಮ ಪಾಸ್‌ವರ್ಡು ಹೊಡೆದರು.

ಗೋಡೆಯ ಪರದೆಯಲ್ಲಿ ಆಸ್ಪತ್ರೆಗೊಂದರಂತೆ ಇಪ್ಪತ್ತಾರು ಹಸಿರು ಚುಕ್ಕಿಗಳಿದ್ದವು. ಒಂದು ಬೂದು ಬಣ್ಣಕ್ಕೆ ತಿರುಗಿತು, ಇನ್ನೊಂದು ತಿರುಗಿತು, ಆಮೇಲೆ ಸಾಲಾಗಿ. ಗಾಜಿನ ಕೋಣೆಯಲ್ಲಿ ಮೇಷ್ಟ್ರ ಫೋನು ಬಡಿದುಕೊಳ್ಳತೊಡಗಿತು. ಅವರು ಏಳಲಿಲ್ಲ. ಅವನ ಜೇಬಿನಲ್ಲೂ ಫೋನು ನಡುಗಿತು.

"ಟ್ಯಾಬ್ ಕಪ್ಪಾಯ್ತಲ್ಲೋ," ಎಂದಳು ಅಕ್ಕ. ಹಿಂದೆ ಗಾಲಿ ಮಂಚ ಉರುಳುವ ಸದ್ದು. "ಏನೋ ಬರ್ತಿದೆ. ತಪ್ಪು ನಮ್ಮದು ಅಂತ. ನಮ್ಮದು ಅಂದ್ರೆ ಯಾರದ್ದೋ?"

"ನಂದು ಅಕ್ಕಾ."

ಬೈಯುತ್ತಾಳೆಂದು ಕಾದ. ಬೈದಿದ್ದರೆ ಚೆನ್ನಾಗಿತ್ತು.

"ಹದಿನೇಳು ಜನ ಇದ್ದಾರೆ ಇಲ್ಲಿ," ಎಂದಳು ಕೊನೆಗೆ. "ನಾಲ್ಕು ಗಂಟೆ ಮಾತ್ರೆ ಹೊತ್ತು. ಕೈಗೆ ಒಂದು ಖಾಲಿ ಹಾಳೆ ಸಿಗ್ತಿಲ್ಲ."

"ನಿನ್ನ ಹತ್ರ ಒಂದಿದೆಯಲ್ಲ. ಅದರ ಹಿಂದೆ ಬರಿ."

ಹಾಳೆ ತಿರುವಿದ ಸದ್ದು ಕೇಳಿಸಿತು. ಫೋನನ್ನು ಅವಳು ಕಟ್ ಮಾಡಲಿಲ್ಲ, ಎಲ್ಲೋ ಜೇಬಿಗೆ ಹಾಕಿಕೊಂಡಿರಬೇಕು. ಬಟ್ಟೆ ಉಜ್ಜುವ ಸದ್ದು, ಚಪ್ಪಲಿಯ ಸದ್ದು, ಆಮೇಲೆ ನಿಂತಳು.

"ನಿಮ್ಮ ಹೆಸರು ಹೇಳಿ ಅಜ್ಜಾ," ಎಂದಳು ದೂರದಿಂದ. "ಗಟ್ಟಿಯಾಗಿ."

ಯಾರೋ ಏನೋ ಹೇಳಿದರು. ಅವನಿಗೆ ಕೇಳಿಸಲಿಲ್ಲ. ಪೆನ್ನು ಕಾಗದದ ಮೇಲೆ ಗೀರಿದ್ದು ಕೇಳಿಸಿತು, ಮತ್ತೆ ಚಪ್ಪಲಿಯ ಸದ್ದು. ಅವನು ಫೋನನ್ನು ಮೇಜಿನ ಮೇಲೆ ಇಬ್ಬರ ನಡುವೆ ಇಟ್ಟ. ಮೇಷ್ಟ್ರು ಡಬ್ಬವನ್ನು ಇನ್ನೂ ತೊಡೆಯ ಮೇಲೆ ಹಿಡಿದುಕೊಂಡೇ ಕಿವಿಯನ್ನು ಫೋನಿನತ್ತ ಬಗ್ಗಿಸಿದರು.