ಎರಡು ಅಂಗುಲದ ಹಲಗೆ

ನನ್ನ ಅಕ್ಕ ತೀರಿಹೋಗಿ, ಇಗರ್ಜಿಯಲ್ಲಿ ಅವಳ ತಿಂಗಳ ಪೂಜೆ ಮುಗಿದ ಮರುದಿನವೇ ಅವಳ ಇಬ್ಬರು ಗಂಡುಮಕ್ಕಳು ಕುಕ್ಕುಂದೂರಿನ ಮನೆಯಂಗಳಕ್ಕೆ ಮರ ಕೊಯ್ಯುವ ಯಂತ್ರವನ್ನು ತರಿಸಿದರು. ಅದು ೧೯೮೩ರ ಫೆಬ್ರವರಿ. ಕೊಯ್ಯಬೇಕಾಗಿದ್ದುದು ಮರವಲ್ಲ, ಮೇಜು. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಂಗುಲ ದಪ್ಪದ ಒಂದೇ ಹಲಸಿನ ಹಲಗೆ. ಅದರ ಮೇಲೆ ಬಟ್ಟೆ ಹಾಸಿ ಕತ್ತರಿಸಿ, ಮಣಿಪಾಲದ ನರ್ಸ್‌ಗಳ ಸಮವಸ್ತ್ರ ಹೊಲಿದು, ಅಕ್ಕನ ಮಗಳು ಸೆಲೀನ್ ಹತ್ತೊಂಬತ್ತು ವರ್ಷ ತನ್ನ ಮತ್ತು ತಾಯಿಯ ಹೊಟ್ಟೆ ಹೊರೆದಿದ್ದಳು.

ಇಬ್ಬರಲ್ಲಿ ಕುವೈತಿನಿಂದ ರಜೆಗೆ ಬಂದಿದ್ದ ರೇಮಂಡನಿಗೆ ಷೋಕೇಸಿಗೆ ಹಲಗೆ ಬೇಕಿತ್ತು. ಕಾಪುವಿನಲ್ಲಿ ಮನೆ ಮಾಡಿದ್ದ ಕಜೆಟನನಿಗೆ ಏನೂ ಬೇಕಿರಲಿಲ್ಲ. ರೇಮಂಡನಿಗೆ ಇಡಿಯಾಗಿ ಸಿಗಬಾರದಿತ್ತು, ಅಷ್ಟೆ. ಅಡ್ಡ ಕತ್ತರಿಸಿದರೆ ಗಿಡ್ಡವಾಗುತ್ತದೆ. ಆದ್ದರಿಂದ ದಪ್ಪವನ್ನೇ ಸೀಳಿ ಎರಡು ತೆಳು ಹಲಗೆ ಮಾಡುವುದೆಂದು ತೀರ್ಮಾನಿಸಿ, ಗೆರೆ ಎಳೆಯಲು ನನ್ನನ್ನು ಕರೆಸಿದರು. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನು ನಾನು.

ಯಂತ್ರವನ್ನು ಜೀಪಿಗೆ ಕಟ್ಟಿ ಎಳೆದು ತಂದಿದ್ದ ಶೇಕಬ್ಬ ಹಲಗೆಯನ್ನು ತಟ್ಟಿ ನೋಡಿದ. "ಇಂಥದ್ದನ್ನು ಸೀಳುತ್ತಾರಾ ಪೊರ್ಬುಗಳೇ?" ಕ್ರೈಸ್ತರನ್ನು ಅವನು ಕರೆಯುವುದೇ ಹಾಗೆ. "ಹತ್ತು ಜನ ಕೂತು ಊಟ ಮಾಡಬಹುದು."

"ಹತ್ತು ಜನ ಒಟ್ಟಿಗೆ ಕೂರುವ ಮನೆ ಅಲ್ಲ ಇದು. ನೀನು ಕೊಯ್ಯಿ," ಎಂದ ಕಜೆಟನ್.

ಗರಗಸ ಎಷ್ಟು ತಿನ್ನುತ್ತದೆಂದು ನಾನು ಕೇಳಿದೆ.

"ಒಂದು ನೂಲು, ಮಾಸ್ಟ್ರೇ."

ಒಂದು ನೂಲೆಂದರೆ ಅಂಗುಲದ ಎಂಟನೆಯ ಒಂದು ಭಾಗ. ಅದು ಯಾರ ಪಾಲಿನಿಂದ ಹೋಗಬೇಕೆಂದು ಜಗಳ ಹತ್ತಿತು.

"ಸೀಳಲೇಬೇಕೆಂದು ಹಠ ಹಿಡಿದವನು ಅವನು. ಅವನ ಪಾಲಿನಿಂದಲೇ ಹೋಗಲಿ," ಎಂದ ರೇಮಂಡ್.

"ಆಯಿತು, ಹುಡಿಯನ್ನೂ ನಾನೇ ಕಟ್ಟಿಕೊಂಡು ಹೋಗುತ್ತೇನೆ. ಆಮೇಲೆ ಮೂಸಿ ನೋಡಲು ಕೊಡು ಅಂತ ಕುವೈತಿನಿಂದ ಕಾಗದ ಹಾಕಬೇಡ ಮಾರಾಯ."

ತಾಯಿಯ ಸಮಾಧಿಯ ಮಣ್ಣು ಇನ್ನೂ ಇಳಿದಿರಲಿಲ್ಲ. "ಗೆರೆ ನಡುವೆ. ನಷ್ಟ ಇಬ್ಬರಿಗೂ ಸಮ. ತಲಾ ಒಂದು ಅಂಗುಲಕ್ಕೆ ಅರ್ಧ ನೂಲು ಕಡಿಮೆ," ಎಂದೆ.

ಆಗ ಬಾಗಿಲಲ್ಲಿ ನಿಂತಿದ್ದ ಸೆಲೀನ್ ಕೇಳಿದಳು: "ಮಾಮ, ಮೇಜು ನನಗೆ ಅಂತ ಅಮ್ಮ ನಿಮ್ಮ ಹತ್ತಿರ ಹೇಳಿದ್ದು ಉಂಟಲ್ಲ?"

ಅಣ್ಣಂದಿರು ಇಬ್ಬರೂ ನನ್ನತ್ತ ತಿರುಗಿದರು. ಅಕ್ಕ ಹೇಳಿದ್ದಳು, ಆಸ್ಪತ್ರೆಯಲ್ಲಿ, ನನ್ನ ಕೈ ಹಿಡಿದು, ಎರಡು ಸಲ.

"ಬರೆದದ್ದು ಏನೂ ಇಲ್ಲ," ಎಂದೆ.

"ಬರೆದದ್ದನ್ನು ನಾನು ಕೇಳಲಿಲ್ಲ."

ನಾನು ಪೆನ್ಸಿಲಿನ ಮೊನೆ ನೋಡಿದೆ. ಆಮೇಲೆ ಗೆರೆ ಎಳೆದೆ. ತುದಿಯಿಂದ ತುದಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಇದರಲ್ಲಿ ಮೊಳೆ ಉಂಟಾ? ಒಂದು ಸಿಕ್ಕಿದರೂ ನನ್ನ ಗರಗಸ ಹೋಯಿತು," ಎಂದ ಶೇಕಬ್ಬ.

ಗಂಡುಮಕ್ಕಳಿಗೆ ಗೊತ್ತಿರಲಿಲ್ಲ. ಸೆಲೀನ್ ಸುಮ್ಮನಿದ್ದಿದ್ದರೆ ಮೊಳೆ ತಾಗಿ ಯಂತ್ರ ಅಲ್ಲಿಗೇ ನಿಲ್ಲುತ್ತಿತ್ತು. ಅವಳು ಒಳಗಿನಿಂದ ಇಕ್ಕಳ ತಂದಳು. ಬಟ್ಟೆ ಅಳೆಯಲೆಂದು ಅಕ್ಕ ಅಂಚಿನಲ್ಲಿ ಅಡಿಗೊಂದರಂತೆ ಹೊಡೆದಿದ್ದ, ಈಗ ಮರದ ಬಣ್ಣಕ್ಕೇ ತಿರುಗಿದ್ದ ಏಳು ಹಿತ್ತಾಳೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತಳು. "ಅವನ ಗರಗಸ ಎಂತ ತಪ್ಪು ಮಾಡಿದೆ?" ಎಂದು ಹೇಳಿ ಒಳಗೆ ಹೋದಳು.

ಹಲಗೆ ಸೀಳಿತು. ಹಳದಿ ಹುಡಿ ನನ್ನ ಬಿಳಿ ಪಂಚೆಗೆ ಮೆತ್ತಿತು, ಕೊಡವಿದರೆ ಹೋಗಲಿಲ್ಲ. ಒಳ್ಳೆಯ ಹಲಗೆ ಯಾರಿಗೆಂಬ ವಾದ ಮುಗಿಯದೆ ಎರಡೂ ಅಂಗಳದ ಬಿಸಿಲಿನಲ್ಲಿ ಬಿದ್ದಿದ್ದವು. ನಾಲ್ಕನೆಯ ದಿನ ನೋಡಿದರೆ ಸುಟ್ಟ ಹಪ್ಪಳದಂತೆ ಮುರುಟಿದ್ದವು. ನಿನ್ನ ಆಸೆಯಿಂದ ಹಾಳಾಯಿತೆಂದು ಒಬ್ಬ, ನಿನ್ನ ಹೊಟ್ಟೆಕಿಚ್ಚಿನಿಂದೆಂದು ಇನ್ನೊಬ್ಬ. ಇಬ್ಬರೂ ಒಯ್ಯಲಿಲ್ಲ.

ಮುಂದಿನ ವಾರ ಹೋದಾಗ ಸೆಲೀನ್ ನೆಲದ ಮೇಲೆ ಬಿಳಿ ಬಟ್ಟೆ ಹರಡಿ, ಮೊಣಕಾಲೂರಿ ಕತ್ತರಿಸುತ್ತಿದ್ದಳು. ಏಳಲು ಗೋಡೆ ಹಿಡಿಯಬೇಕಾಗಿತ್ತು.

"ನಾನು ಅಂದು ಹೇಳಬೇಕಾಗಿತ್ತು," ಎಂದೆ.

ಅವಳು ಕತ್ತರಿಯನ್ನು ಮುಂದಕ್ಕೆ ನಡೆಸಿದಳು.

"ಕಾಲು ತೆಗೆಯಿರಿ ಮಾಮ. ಬಟ್ಟೆಗೆ ಮಣ್ಣಾಗುತ್ತದೆ."