ವಾಶಿ ದಾರಿಯ ಟೋಲು, ಊರಲ್ಲೇ ಉಳಿದ ವೋಟು

ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಲೀಲಾಧರಣ್ಣನ ಹೋಟೆಲು ಅಂದರೆ ನೀರುದೋಸೆಗೆ ಹೆಸರು. ಬೆಳಗಿನ ರಶ್ಶು ಮುಗಿದು ಅವನು ಬೆವರು ಒರೆಸಿಕೊಳ್ಳುತ್ತಿದ್ದಾಗ ಫೋನು ಬಂತು. ವಾಶಿಯ ಫಿಸಿಯೋಥೆರಪಿ ಕ್ಲಿನಿಕ್ಕಿನ ಶ್ರದ್ಧಾ.

"ಅಂಕಲ್, ಆಂಟಿ ಯಾಕೆ ವಾರಕ್ಕೆ ಎರಡೇ ದಿನ ಬರ್ತಿದ್ದಾರೆ? ಲಕ್ವ ಹೊಡೆದ ಕೈಗೆ ಶುರುವಿನ ತಿಂಗಳುಗಳೇ ಮುಖ್ಯ. ದಿನಾ ಬರಬೇಕು ಅಂತ ಅವರಿಗೆ ಹೇಳಿದ್ದೆನಲ್ಲಾ!"

ಲೀಲಾಧರ ಫೋನು ಕೆಳಗಿಟ್ಟ. ಎರಡು ದಿನ ಸಾಕಂತೆ ಎಂದು ಹೆಂಡತಿ ದಮಯಂತಿ ಹೇಳಿದ್ದಳು. ನೇರ ಮನೆಗೆ ಓಡಿದ.

"ಸುಳ್ಳು ಯಾಕೆ ಹೇಳಿದ್ದು ಮಾರಾಯ್ತಿ?"

ದಮಯಂತಿ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ರೈಲಿನ ಧಕ್ಕಾಬುಕ್ಕಿಗೆ ಈ ಕೈ ಆಗುದಿಲ್ಲ. ಹೋಟೆಲಿನ ವ್ಯಾನಲ್ಲಿ ಹೋದ್ರೆ ಹೋಗ್ತಾ ಬರ್ತಾ ಟೋಲು. ದುಡ್ಡು ಕಟ್ಟುವ ನಾಕಾ ಬಂದ ಕೂಡ್ಲೆ ನಿಮ್ಮ ಮುಖ ಸಣ್ಣ ಆಗ್ತದೆ. ಅದು ನೋಡ್ಲಿಕ್ಕೆ ಆಗುದಿಲ್ಲ ನಂಗೆ."

ದುಡ್ಡಿನ ಚಿಂತೆ ಹೆಂಡತಿಗೆ ಕಾಣದ ಹಾಗೆ ಮುಚ್ಚಿಟ್ಟಿದ್ದೇನೆಂದು ಲೀಲಾಧರ ಇಷ್ಟು ದಿನ ನಂಬಿದ್ದ, ಪಾಪ.

ಅಷ್ಟರಲ್ಲಿ ಪಕ್ಕದ ಮನೆಯ ಮೋಹಿನಿ ಒಳಗೆ ಬಂದಳು. ಮಹಿಳಾ ಮಂಡಳದ ಕಾರ್ಯಕರ್ತೆ, ಕೈಯಲ್ಲಿ ವೋಟರ್ ಪಟ್ಟಿಯ ಅರ್ಜಿಗಳ, ಕರಪತ್ರಗಳ ಕಟ್ಟು. ಸಂಗತಿ ಕೇಳಿ ಅಲ್ಲೇ ಕೂತಳು.

"ಒಳ್ಳೇ ಹೊತ್ತಿಗೆ ಬಂದೆ. ಆ ರಸ್ತೆಯ ಟೋಲು ನಿಲ್ಲಿಸಬೇಕಾ ಅಂತ ಈ ಸಲ ಜನರನ್ನೇ ಕೇಳ್ತಾರೆ. ಚುನಾವಣೆ ದಿನವೇ ವೋಟಿನ ಜೊತೆ ಇನ್ನೊಂದು ಚೀಟಿ. ಹೌದು ಅಥವಾ ಇಲ್ಲ, ಅಷ್ಟೇ."

"ಕಂಪನಿಯ ರಸ್ತೆ, ಕಂಪನಿ ವಸೂಲಿ ಮಾಡ್ತದೆ. ನಾವು ಎಂತ ಹೇಳುದು?"

"ಕಂಪನಿಯದ್ದಲ್ಲ ಅಣ್ಣ! ರಸ್ತೆ ಜನರದ್ದು. ಕಂಪನಿಗೆ ಲೀಸಿಗೆ ಕೊಟ್ಟದ್ದು. ನಿಮ್ಮ ಹೋಟೆಲಿನ ಜಾಗವೂ ಬಾಡಿಗೆಯದ್ದಲ್ಲವಾ? ಬಾಡಿಗೆಗೆ ಕೂತವ್ರು ಮಾಲೀಕರಾಗ್ತಾರಾ?"

"ಟೋಲು ತೆಗೆದ್ರೆ ಗುಂಡಿ ಮುಚ್ಚುದು ಯಾರು?"

"ಅದೂ ಕೇಳಬೇಕಾದ್ದೇ. ರಿಪೇರಿ ಸರ್ಕಾರದ ತಲೆಗೆ, ಅಂದ್ರೆ ನಮ್ಮ ತೆರಿಗೆಗೆ ಬರ್ತದೆ. ಲೀಸು ಮೊದಲೇ ಮುರಿದ್ರೆ ಕಂಪನಿಗೆ ಪರಿಹಾರ ಕೊಡಬೇಕಾದೀತು. ಎರಡೂ ಕಡೆಯ ಮಾತು ಈ ಕಾಗದದಲ್ಲಿ ಉಂಟು. ಓದಿ, ಮತ್ತೆ ನಿಮ್ಮ ಮನಸ್ಸು."

ಲೀಲಾಧರ ಎರಡು ಸಲ ಓದಿದ. "ನಂದು ಟೋಲು ಬೇಡ ಅಂತಲೇ," ಎಂದ. ಮರುಕ್ಷಣ ಸಪ್ಪಗಾದ. "ಆದ್ರೆ ನಮ್ಮಿಬ್ಬರ ವೋಟು ಊರಲ್ಲಿ, ಕಾಪುವಿನಲ್ಲಿ."

ಇದು ಊರು ಬಿಟ್ಟು ಬಂದ ನಮ್ಮವರ ಹಳೇ ಹುಚ್ಚು. ಮೂವತ್ತು ವರ್ಷ ಥಾಣೆಯ ನೀರು ಕುಡಿದರೂ ಹೆಸರು ಮಾತ್ರ ಊರಿನ ಪಟ್ಟಿಯಲ್ಲೇ ಇರಬೇಕು. ತೆಗೆಸಿದರೆ ಊರಿನ ಋಣವೇ ಹರಿದುಹೋದೀತೆಂಬ ಭಯ.

"ಎಷ್ಟು ಸಲ ಊರಿಗೆ ಹೋಗಿ ವೋಟು ಹಾಕಿದ್ದೀರಿ?" ಮೋಹಿನಿ ಕೇಳಿದಳು.

"ಅಪ್ಪ ಇದ್ದಾಗ, ಒಂದ್ಸಲ."

"ಊರು ಎಲ್ಲಿಗೂ ಹೋಗುದಿಲ್ಲ ಅಣ್ಣ. ಅಕ್ಕ ದಿನಾ ಹೋಗಬೇಕಾದ ದಾರಿ ಇಲ್ಲಿ ಉಂಟು. ಈ ನಮೂನೆ ಎಂಟರ ಅರ್ಜಿ ತುಂಬಿಸಿ, ಹೆಸರು ಅಲ್ಲಿಂದ ಇಲ್ಲಿಗೆ ಬರ್ತದೆ."

ಲೀಲಾಧರ ಅರ್ಜಿ ತೆಗೆದುಕೊಂಡು ಹೆಂಡತಿಯ ಕಡೆ ತಿರುಗಿದ. "ನಾಳೆಯಿಂದ ದಿನಾ ವಾಶಿ. ಟೋಲು ಹೋಗುವವರೆಗೆ ನಿನ್ನ ಕೈ ಕಾಯುದಿಲ್ಲ. ನನ್ನ ಮುಖ ನೋಡ್ಬೇಡ, ರಸ್ತೆ ನೋಡು."

ದಮಯಂತಿ ಒದ್ದೆ ಕಣ್ಣಲ್ಲೇ ನಕ್ಕಳು.

ತನ್ನ ಅರ್ಜಿ ಮುಗಿಸಿ ಅವನು ಅವಳದ್ದಕ್ಕೂ ಪೆನ್ನು ಹಿಡಿದ. ಅವಳು ಕಸಿದುಕೊಂಡಳು. "ನನ್ನ ವೋಟಿನದ್ದು ನಾನೇ ಬರೆಯುದು." ಎಡಗೈಯನ್ನು ಬಲಗೈಯಿಂದ ಎತ್ತಿ ಕಾಗದದ ಮೇಲಿಟ್ಟಳು. ಬೆರಳು ನಡುಗಿ ಕಾಗದ ಜಾರಿತು. ಒತ್ತಿಹಿಡಿಯಲು ಕೈ ಚಾಚಿದ ಲೀಲಾಧರ ತನ್ನನ್ನು ತಾನೇ ತಡೆದುಕೊಂಡ. ಮೂರನೆಯ ಸಲಕ್ಕೆ ಕಾಗದ ನಿಂತಿತು. ವಿಳಾಸದ ಜಾಗದಲ್ಲಿ ಅವಳು ನಿಧಾನವಾಗಿ ಥಾಣೆ ಎಂದು ಬರೆದಳು.

ಅಕ್ಕಂದಿರೇ, ಅಣ್ಣಂದಿರೇ, ನೀವು ದಿನಾ ಓಡಾಡುವ ರಸ್ತೆ ಎಲ್ಲಿದೆ, ನಿಮ್ಮ ವೋಟು ಎಲ್ಲಿದೆ? ಪಟ್ಟಿಯಲ್ಲಿ ಹೆಸರು ಇವತ್ತೇ ನೋಡಿ. ಇನ್ನೂ ಊರಲ್ಲಿದ್ದರೆ ಇಲ್ಲಿಗೆ ತನ್ನಿ. ಕೇಳಿದ ಪ್ರಶ್ನೆಯ ಎರಡೂ ಮಗ್ಗುಲು ಓದಿ, ಚುನಾವಣೆ ದಿನ ಬಂದು ಉತ್ತರ ಕೊಡಿ. ರಸ್ತೆ ನಿಮ್ಮದು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದಾರೆ.